ಹೇಸರಗತ್ತೆ ಈದ ಸಂಜೆ

ನಮ್ಮ ಸಂಜೆ ಓದುಗರ ಕೂಟದ ನಡಾವಳಿ ಪುಸ್ತಕದಲ್ಲಿ, ಎಪ್ಪತ್ತಮೂರನೇ ಪುಟದಲ್ಲಿ, ಹೀಗೊಂದು ನಿರ್ಣಯವಿದೆ: "ಹೇಸರಗತ್ತೆಯು ಮರಿ ಈಯಬಲ್ಲದು ಎಂದು ಸಭೆಯು ಬಹುಮತದಿಂದ ತೀರ್ಮಾನಿಸಿತು. ಪರ ಒಂಬತ್ತು, ವಿರುದ್ಧ ಇಲ್ಲ, ತಟಸ್ಥ ಒಂದು." ತಟಸ್ಥರಾಗಿದ್ದವರು ಆ ಹೊತ್ತಿಗೆ ನಿದ್ದೆ ಹೋಗಿದ್ದರು. ಬರೆದ ಅಕ್ಷರ ನನ್ನದು, ಏಕೆಂದರೆ ಕೂಟದ ಕಾರ್ಯದರ್ಶಿ ನಾನು. ಎದ್ದ ಒಂಬತ್ತು ಕೈಗಳಲ್ಲಿ ಒಂದು ಕೂಡ ನನ್ನದೇ.

ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ಅದು ಹೊರುತ್ತದೆ, ಹೆರುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿದ್ದೂ ಕೈ ಹೇಗೆ ಮೇಲೆ ಹೋಯಿತು ಎಂದು ಕೇಳಿದರೆ, ಅಕ್ಕಪಕ್ಕದ ಕೈಗಳು ಹೋದವು, ಇದೂ ಹೋಯಿತು. ಆ ಸಂಜೆಯ ಕಥೆ ನನ್ನದಲ್ಲ, ನಮ್ಮ ಬೀದಿಯ ಕಾಂಪೌಂಡರರದು. ಅವರದನ್ನೇ ಹೇಳುತ್ತೇನೆ.

ಅವರು ದನದ ಆಸ್ಪತ್ರೆಗೆ ಹತ್ತೊಂಬತ್ತನೇ ವಯಸ್ಸಿಗೆ ಸೇರಿದರು. ಮೊದಲು ಕಸ ಗುಡಿಸುವ ಕೆಲಸ, ಆಮೇಲೆ ಸೂಜಿ ಕುದಿಸುವುದು, ಆಮೇಲೆ ಮುಲಾಮು ಅರೆಯುವುದು. ಕೊನೆಗೆ ಕಾಂಪೌಂಡರ್ ಎಂದು ಕಾಗದ ಬಂತು. ಮೂವತ್ತಾರು ವರ್ಷಗಳಲ್ಲಿ ಹದಿನಾಲ್ಕು ಡಾಕ್ಟರರು ಬಂದು ಹೋದರು. ಡಾಕ್ಟರು ರಜೆಯಲ್ಲಿರಲಿ, ಮೀಟಿಂಗಿನಲ್ಲಿರಲಿ, ಬರೀ ಬೇಜಾರಿನಲ್ಲಿರಲಿ, ಒದೆಯುವ ಎತ್ತಿನ ಹಿಂದೆ ನಿಲ್ಲುತ್ತಿದ್ದವರು ಇವರು. ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಎಮ್ಮೆಯ ನಾಲಿಗೆ ಪಕ್ಕಕ್ಕೆ ಹಿಡಿದು ಹೊಯ್ಯುತ್ತಿದ್ದವರು ಇವರು. ಕರು ಅಡ್ಡ ತಿರುಗಿದ್ದರೆ ಭುಜದವರೆಗೆ ಕೈ ಹಾಕಿ ನೇರ ಮಾಡುತ್ತಿದ್ದವರೂ ಇವರೇ. ರಿಜಿಸ್ಟರಿನಲ್ಲಿ ಸಹಿ ಮಾತ್ರ ಡಾಕ್ಟರದು.

ಅದಕ್ಕೆ ಅವರು ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಅವರಿಗೆ ಸಹಿ ಬೇಕಿರಲಿಲ್ಲ. ಬರೆದದ್ದು ಸರಿಯಿರಬೇಕಿತ್ತು, ಅಷ್ಟೇ. ಹೊಸದಾಗಿ ಬಂದ ಒಬ್ಬ ಡಾಕ್ಟರು ಮೇಕೆಯೊಂದಕ್ಕೆ ಎಮ್ಮೆಯ ಲೆಕ್ಕದಲ್ಲಿ ಔಷಧಿ ಬರೆದರಂತೆ. ಇವರು ಚೀಟಿ ಹಿಡಿದು ವಾಪಸ್ಸು ಹೋದರು.

"ಸಾರ್, ಇದು ಮೇಕೆ."

"ಅದು ಮೇಕೆ ಅಂತ ನನಗೂ ಗೊತ್ತು."

"ಮೇಕೆಗೆ ಗೊತ್ತಿಲ್ಲ ಸಾರ್. ಅದು ಕುಡಿದುಬಿಡುತ್ತೆ."

ಡಾಕ್ಟರು ಅಂಕಿ ಹೊಡೆದುಹಾಕಿ ಬೇರೆ ಬರೆದರು. ಒಂದು ವಾರ ಇವರ ಜೊತೆ ಮಾತು ಬಿಟ್ಟರು. ವರ್ಗವಾಗಿ ಹೋಗುವಾಗ ಇವರಿಗೊಂದು ಹೆಸರಿಟ್ಟು ಹೋದರು: ತಿದ್ದಪ್ಪ. ಅದೇ ನಿಂತಿತು.

ಹೆಸರು ಅನ್ಯಾಯದ್ದೇನಲ್ಲ. ಜೇಬಿನಲ್ಲಿ ಕೆಂಪು ಪೆನ್ನಿಟ್ಟುಕೊಂಡು ಊರು ಸುತ್ತುವ ಮನುಷ್ಯ ಅವರು. ಕ್ಷೌರದಂಗಡಿಯ ಬೋರ್ಡು, ಬಸ್ಸಿನ ವೇಳಾಪಟ್ಟಿ, ಮಗಳು ಬರೆದ ಕಾಗದ, ಯಾವುದನ್ನೂ ಬಿಟ್ಟವರಲ್ಲ. ಅವರ ಮಾವ ತೀರಿಕೊಂಡಾಗ ಬಾಮೈದಂದಿರು ಮನೆಯ ಮುಂದೆ 'ಶೃದ್ಧಾಂಜಲಿ' ಎಂದು ದೊಡ್ಡ ಬ್ಯಾನರು ಕಟ್ಟಿಸಿದ್ದರು. ಇವರು ಸ್ಟೂಲು ಹಾಕಿಕೊಂಡು ಹತ್ತಿ ಅದನ್ನು 'ಶ್ರದ್ಧಾಂಜಲಿ' ಮಾಡಿ ಇಳಿದರು. ದುಃಖದಲ್ಲಿದ್ದ ಜನ ನೋಡುತ್ತ ನಿಂತಿದ್ದರು. ಹೆಂಡತಿ ಮೂರು ದಿನ ಮಾತಾಡಿಸಲಿಲ್ಲ. ನಾಲ್ಕನೆಯ ದಿನ ಕೇಳಿದರಂತೆ, "ಅಪ್ಪ ಸತ್ತಿದ್ದು ನಿಮಗೆ ಕಾಣಿಸಲಿಲ್ವಾ?"

"ಕಾಣಿಸ್ತು. ತಪ್ಪು ಬರೆದು ಕಳಿಸೋದು ಬೇಡ ಅನ್ನಿಸ್ತು."

ಇಂಥವರನ್ನು ಸಾಹಿತ್ಯಕ್ಕೆ ಕರೆತಂದದ್ದು ಒಂದು ನಾಯಿ. ನಮ್ಮ ಕೂಟದ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೂಟವನ್ನೂ ಬ್ಯಾಂಕಿನ ಹಾಗೆಯೇ ನಡೆಸುತ್ತಾರೆ: ಹಾಜರಿ, ಸೂಚನೆ, ಅನುಮೋದನೆ, ಐದು ಗಂಟೆಗೆ ಬಾಗಿಲು. ಅವರ ಮುದಿ ನಾಯಿಗೆ ಚುಚ್ಚುಮದ್ದು ಕೊಡಲು ನಿವೃತ್ತರಾದ ಮೇಲೂ ಕಾಂಪೌಂಡರೇ ಹೋಗುತ್ತಿದ್ದರು. ಆ ತಿಂಗಳು ಕೂಟಕ್ಕೆ ಒಬ್ಬ ಕಾದಂಬರಿಕಾರರು ಬರುವವರಿದ್ದರು. ಹಿಂದಿನ ಸಭೆಗೆ ಬಂದವರು ನಾಲ್ಕೂವರೆ ಜನ. ಅರೆ ಎಂದರೆ ಟೀ ಹೊತ್ತಿಗೆ ಸರಿಯಾಗಿ ಬಂದವರು. ಆದ್ದರಿಂದ ಅಧ್ಯಕ್ಷರು ಕಂಡಕಂಡವರನ್ನೆಲ್ಲ ಕರೆಯುತ್ತಿದ್ದರು.

"ಪ್ರಾಣಿಗಳ ಮೇಲೆ ಐತಿಹಾಸಿಕ ಕಾದಂಬರಿ. ನಿಮಗೂ ಪ್ರಾಣಿಗಳ ಪರಿಚಯ ಇದೆಯಲ್ಲ, ಬನ್ನಿ. ಕೊನೆಗೆ ನಾಲ್ಕು ಮಾತಾಡಿ," ಅಂದರು.

"ಪುಸ್ತಕ ಓದಿಕೊಂಡು ಬರಬೇಕಾ ಸಾರ್?"

ಈ ಪ್ರಶ್ನೆಯನ್ನು ನಮ್ಮ ಕೂಟದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅಧ್ಯಕ್ಷರು ತಮ್ಮ ಪ್ರತಿಯನ್ನೇ ಕೊಟ್ಟು ಕಳಿಸಿದರು. ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಕಾದಂಬರಿಯ ಹೆಸರು 'ಗೊರಸಿನ ಕೆಳಗಿನ ಹಿಮ'. ನಾನೂರ ಹನ್ನೆರಡು ಪುಟ. ಬಹಳ ಹಿಂದಿನ ಒಂದು ಯುದ್ಧ. ಸೈನ್ಯವೊಂದು ಫಿರಂಗಿಗಳನ್ನು ಬಿಚ್ಚಿ, ತುಂಡುತುಂಡಾಗಿ ಹೇಸರಗತ್ತೆಗಳ ಬೆನ್ನಿಗೆ ಕಟ್ಟಿ ಹಿಮದ ಬೆಟ್ಟ ದಾಟಿಸುತ್ತದೆ. ಪ್ರಾಣಿಗಳಿಗೆ ಹೆಸರಿಲ್ಲ, ನಂಬರು. ಕಥಾನಾಯಕಿ ನಲವತ್ತೊಂದು. ಹನ್ನೆರಡನೆಯ ಅಧ್ಯಾಯದಲ್ಲಿ ನಲವತ್ತೊಂದು ಹಿಮದ ಮೇಲೆ ಮರಿ ಈಯುತ್ತದೆ. ಮೂರನೆಯ ದಿನ ಮರಿಯನ್ನು ಅಲ್ಲೇ ಬಿಟ್ಟು ಮತ್ತೆ ಫಿರಂಗಿ ಹೊರುತ್ತದೆ. ಪತ್ರಿಕೆಗಳೆಲ್ಲ ಆ ಅಧ್ಯಾಯವನ್ನು ಹೊಗಳಿದ್ದವು.

ಕಾಂಪೌಂಡರು ಪುಸ್ತಕವನ್ನು ಮೂರು ಸಲ ಓದಿದರು. ಕೆಂಪು ಪೆನ್ನಿನಲ್ಲಿ ನಲವತ್ತಮೂರು ಕಡೆ ಗೆರೆ ಎಳೆದರು. ಮಗಳು ಫೋನಿನಲ್ಲಿ ಎಚ್ಚರಿಸಿದ್ದಳು: "ಅಪ್ಪ, ದೊಡ್ಡವರೆಲ್ಲ ಬರ್ತಾರೆ. ಚೆನ್ನಾಗಿದೆ ಅಂತ ಹೇಳಿ ಬಂದುಬಿಡಿ."

"ಚೆನ್ನಾಗಿದೆ ಅಂತಾನೂ ಹೇಳ್ತೀನಿ," ಅಂದಿದ್ದರು ಇವರು.

ಅಂದು ಅಧ್ಯಕ್ಷರ ಹಜಾರದಲ್ಲಿ ಹದಿಮೂರು ಜನ ಸೇರಿದೆವು. ಕಾದಂಬರಿಕಾರರು ನಲವತ್ತರ ಆಸುಪಾಸಿನ, ತೆಳ್ಳಗಿನ, ಸಂಕೋಚದ ಮನುಷ್ಯ. ವಿಮಾ ಕಚೇರಿಯಲ್ಲಿ ಕೆಲಸ. ಬಾಗಿಲಲ್ಲಿ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಸೋಫಾದ ಕೆಳಗೆ ನಾಯಿ ಮಲಗಿತ್ತು.

"ಅದು... ಕಚ್ಚುತ್ತಾ?"

"ಹನ್ನೊಂದು ವರ್ಷದ ನಾಯಿ. ಬಿಸ್ಕತ್ತು ಕಚ್ಚೋದೇ ಕಷ್ಟ ಅದಕ್ಕೆ," ಅಂದರು ಅಧ್ಯಕ್ಷರು.

"ಇಲ್ಲ, ನನಗೆ ಮೊದಲಿಂದ ಸ್ವಲ್ಪ... ಕಟ್ಟಿಬಿಟ್ಟರೆ ಒಳ್ಳೇದು."

ಹೀಗೆ ಪ್ರಾಣಿಲೋಕದ ಮಹಾಕಾದಂಬರಿಕಾರರು ಕೂರಲೆಂದು ಸಭೆಯಲ್ಲಿದ್ದ ಏಕೈಕ ಪ್ರಾಣಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಸರಪಳಿ ಹಾಕಲಾಯಿತು.

ಓದಿನ ಸ್ಥಿತಿಗತಿಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ. ಅಧ್ಯಕ್ಷರು ಮುನ್ನುಡಿ ಓದಿದ್ದರು. ನಾನು ತೊಂಬತ್ತನೇ ಪುಟದವರೆಗೆ ಹೋಗಿ ಹಿಮದಲ್ಲಿ ಸಿಕ್ಕಿಕೊಂಡಿದ್ದೆ. ನಮ್ಮಲ್ಲೊಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಅವರು ಯಾವ ಪುಸ್ತಕದ್ದಾದರೂ ಮೊದಲನೆಯ ಮತ್ತು ಕೊನೆಯ ಅಧ್ಯಾಯ ಮಾತ್ರ ಓದುತ್ತಾರೆ, ಮತ್ತು ಅದನ್ನು ಒಪ್ಪಿಕೊಳ್ಳುತ್ತಾರೆ. ನಿವೃತ್ತ ಪ್ರೊಫೆಸರರು ಎಷ್ಟು ಓದಿದ್ದರೋ ಯಾರಿಗೂ ಗೊತ್ತಿಲ್ಲ. ಕೇಳಿದರೆ, "ನಾನು ಕೃತಿಯನ್ನು ಓದುವುದಿಲ್ಲ, ಕೃತಿಯೊಳಗೆ ವಾಸ ಮಾಡುತ್ತೇನೆ," ಅನ್ನುತ್ತಾರೆ. ಬಾಡಿಗೆಯಿಲ್ಲದ ವಾಸ.

ಪ್ರೊಫೆಸರರೇ ಶುರುಮಾಡಿದರು. ಐವತ್ತೆಂಟನೇ ಪುಟದ ಒಂದು ವಾಕ್ಯ ಹಿಡಿದರು: 'ನಲವತ್ತೊಂದು ಹಿಮದಲ್ಲಿ ಕಣ್ಣು ಮುಚ್ಚಿ ನಿಂತು ಮೆಲುಕು ಹಾಕುತ್ತಿತ್ತು.'

"ನೋಡಿ, ಇಲ್ಲಿ ಆ ಪ್ರಾಣಿ ಮೆಲುಕು ಹಾಕ್ತಿರೋದು ಮೇವನ್ನಲ್ಲ. ಇತಿಹಾಸವನ್ನೇ ಮೆಲುಕು ಹಾಕ್ತಿದೆ."

ಎಲ್ಲರೂ ತಲೆದೂಗಿದೆವು. ಮೂಲೆಯ ಮಡಚುವ ಕುರ್ಚಿಯಿಂದ ಕಾಂಪೌಂಡರು ಕೈ ಎತ್ತಿದರು.

"ಸಾರ್, ಕುದುರೆ ಜಾತಿಗೆ ಮೆಲುಕಿಲ್ಲ. ಹಸು, ಎಮ್ಮೆ, ಮೇಕೆ ಹಾಕುತ್ವೆ. ಕುದುರೆ, ಕತ್ತೆ, ಹೇಸರಗತ್ತೆ ಹಾಕಲ್ಲ."

"ಇದು ರೂಪಕ ಸ್ವಾಮಿ."

"ರೂಪಕ ಆದ್ರೂ ಹೊಟ್ಟೆ ಒಂದೇ ಅಲ್ವಾ ಸಾರ್. ಮೆಲುಕು ಹಾಕೋಕೆ ಇನ್ನೂ ಮೂರು ಚೀಲ ಬೇಕು."

ಡಾಕ್ಟರಮ್ಮ ನಕ್ಕರು. ಕಾದಂಬರಿಕಾರರ ಕಿವಿ ಕೆಂಪಾಯಿತು. ಅಧ್ಯಕ್ಷರು, "ಕಾಂಪೌಂಡರೇ, ನಿಮ್ಮ ನಾಲ್ಕು ಮಾತಿಗೆ ಕೊನೆಯಲ್ಲಿ ಸಮಯ ಇದೆ," ಅಂದರು. ಇವರು ಕೂತರು. ಆದರೆ ನೂರ ಮೂವತ್ತನೇ ಪುಟದಲ್ಲಿ ನಲವತ್ತೊಂದು ವಾಂತಿ ಮಾಡಿಕೊಂಡಾಗ ಮತ್ತೆ ಎದ್ದರು. ಕುದುರೆ ಜಾತಿಗೆ ವಾಂತಿಯೂ ಇಲ್ಲವಂತೆ. ಹೋದದ್ದು ಹಿಂದಕ್ಕೆ ಬರುವುದಿಲ್ಲವಂತೆ. ಪ್ರೊಫೆಸರರು ಅದು ಯುದ್ಧದ ಮೇಲಿನ ಜಿಗುಪ್ಸೆ ಎಂದರು. "ಜಿಗುಪ್ಸೆ ಇರಬಹುದು ಸಾರ್. ಹೊರಗೆ ಬರಲ್ಲ," ಅಂದರು ಇವರು.

ಆಮೇಲೆ ಹನ್ನೆರಡನೆಯ ಅಧ್ಯಾಯ ಬಂತು. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. ತಾಯ್ತನ, ಹಿಮ, ರಕ್ತ, ಲೋಹ ಎಂದು ಹತ್ತು ನಿಮಿಷ ಮಾತಾಡಿದರು. ಮುಗಿಸುವಾಗ ಅವರ ದನಿ ನಡುಗಿತು. ಚಪ್ಪಾಳೆಯೂ ಬಂತು. ಚಪ್ಪಾಳೆ ನಿಂತ ಮೇಲೆ ಕಾಂಪೌಂಡರು ನಿಂತಿದ್ದರು.

"ಹೇಸರಗತ್ತೆ ಈಯಲ್ಲ ಸಾರ್."



"ಎಂದೂ ಈದಿಲ್ಲವೇ?" ಪ್ರೊಫೆಸರರು ಬಹಳ ಮೆತ್ತಗೆ ಕೇಳಿದರು. "ಇಡೀ ಭೂಮಿಯ ಮೇಲೆ, ಇಡೀ ಇತಿಹಾಸದಲ್ಲಿ, ಒಂದೂ ಇಲ್ಲವೇ?"

ಇಲ್ಲ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಯೋಚಿಸಿದರು. ಇಂಥ ಜನರ ಪಾಡೇ ಇದು, ತಮ್ಮ ಮಾತನ್ನೂ ತಾವೇ ತಿದ್ದುತ್ತಾರೆ.

"ಎಲ್ಲೋ ಒಂದೆರಡು ಆಗಿದೆ ಅಂತ ಓದಿದ್ದೀನಿ ಸಾರ್. ಬೆರಳಲ್ಲಿ ಎಣಿಸೋವಷ್ಟು. ನಾನು ನೋಡಿಲ್ಲ, ನೋಡಿದವರನ್ನೂ ನೋಡಿಲ್ಲ."

"ಅಂದರೆ ಆಗುತ್ತದೆ."

"ಆಗುತ್ತೆ ಅನ್ನೋಕಾಗಲ್ಲ ಸಾರ್. ಅಲ್ಲದೆ ಹತ್ತೊಂಬತ್ತನೇ ಅಧ್ಯಾಯದಲ್ಲಿ ಇನ್ನೊಂದು ಸಲ ಈದಿದೆ."

ಕಾದಂಬರಿಕಾರರು ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಹಿತ್ತಿಲಲ್ಲಿ ನಾಯಿ ಕುಂಯ್‌ಗುಟ್ಟತೊಡಗಿತು. ಅಧ್ಯಕ್ಷರು ವಾತಾವರಣ ತಿಳಿಯಾಗಲೆಂದು, ಒಂದು ಭಾಗ ಓದಿ ಎಂದು ಕಾದಂಬರಿಕಾರರನ್ನೇ ಕೇಳಿಕೊಂಡರು. ಅವರು ಓದಿದರು: 'ಮೂಕಪ್ರಾಣಿಯ ನೋವಿಗೆ ಕಿವಿಗೊಡುವವರು ಯಾರು? ಮನುಷ್ಯನ ಕಿವಿಗಳು ಹಿಮದಿಂದ ಮುಚ್ಚಿಹೋಗಿದ್ದವು.' ನಾಯಿ ಇನ್ನೂ ಜೋರಾಗಿ ಅತ್ತಿತು. ಅಧ್ಯಕ್ಷರು ಮುಖ ಕಿವುಚಿಕೊಂಡು, "ಯಾರಾದರೂ ಆ ನಾಯಿ ಬಾಯಿ ಮುಚ್ಚಿಸಿ. ಒಂದಕ್ಷರ ಕೇಳಿಸ್ತಿಲ್ಲ," ಅಂದರು. ಎಲ್ಲರೂ ಕಾಂಪೌಂಡರ ಕಡೆ ನೋಡಿದೆವು. ಅವರು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದರು. ಡಾಕ್ಟರಮ್ಮನಿಗೆ ಒಂದು ಫೋನು ಬಂತು, ಅವರೂ ಹೋದರು. ಫೋನು ರಿಂಗಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹಿತ್ತಿಲಲ್ಲಿ ನಡೆದದ್ದನ್ನು ಕಾಂಪೌಂಡರು ನನಗೆ ಮರುದಿನ ಹೇಳಿದರು. ನಾಯಿ ಬಟ್ಟೆ ಒಣಗಿಸುವ ಕಂಬಕ್ಕೆ ಸರಪಳಿ ಸುತ್ತಿಕೊಂಡು ಗಿಡ್ಡಗೆ ನಿಂತಿತ್ತು. ಅದನ್ನು ಬಿಡಿಸಿದರೂ ಅಳು ನಿಲ್ಲಲಿಲ್ಲ. ಎಡಗಣ್ಣಿನ ಕೆಳಗೆ ಊತ. ಆ ಊತಕ್ಕೆ ಅಧ್ಯಕ್ಷರು ಎರಡು ವಾರದಿಂದ ಕಣ್ಣಿನ ಹನಿ ಹಾಕುತ್ತಿದ್ದರು. ಇವರು ಬೆರಳಲ್ಲಿ ತುಟಿ ಎತ್ತಿ, ದವಡೆಯ ಮೇಲೆ ಮೆಲ್ಲಗೆ ಒತ್ತಿದರು. ನಾಯಿ ಕೈಯನ್ನು ಕಚ್ಚಲಿಲ್ಲ, ಬಾಯಲ್ಲಿ ಹಿಡಿದುಕೊಂಡಿತು ಅಷ್ಟೇ.

"ಕಣ್ಣಲ್ಲ ಅಲ್ವಾ ಇದು?" ಹಿಂದಿನಿಂದ ಡಾಕ್ಟರಮ್ಮ ಕೇಳಿದರು.

"ಹಲ್ಲು ಅಮ್ಮ. ಮೇಲಿನ ದವಡೆಯ ದೊಡ್ಡದು. ನಾಯಿಗೆ ಆ ಹಲ್ಲಿನ ಬೇರು ಕೀವಾದ್ರೆ ಕಣ್ಣ ಕೆಳಗೆ ಊದುತ್ತೆ."

ಡಾಕ್ಟರಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿಮೆಂಟು ನೆಲದ ಮೇಲೆ ಮಂಡಿಯೂರಿದರು. ಫೋನಿನ ಬೆಳಕು ಬಿಟ್ಟು ನೋಡಿದರು. ಹಲ್ಲು ಸೀಳಿತ್ತು. ಇಪ್ಪತ್ತೆರಡು ವರ್ಷದಿಂದ ಮನುಷ್ಯರ ಬಾಯಿ ನೋಡಿದ್ದೀನಿ, ಇಷ್ಟು ನೋವಿಟ್ಟುಕೊಂಡು ಇಷ್ಟು ಸುಮ್ಮನಿದ್ದವರು ಒಬ್ಬರೂ ಇಲ್ಲ ಅಂದರಂತೆ. ನಾಳೆಯೇ ಕೀಳಿಸಬೇಕು ಎಂದು ಇಬ್ಬರೂ ಮಾತಾಡಿಕೊಂಡರು. ಆಮೇಲೂ ಒಳಗೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಾಯಿಯ ತಲೆ ಕಾಂಪೌಂಡರ ಮಡಿಲಲ್ಲಿತ್ತು.

ಒಳಗೆ ಅಧ್ಯಕ್ಷರಿಗೆ ಚಡಪಡಿಕೆ. ಹಾರ, ನೆನಪಿನ ಕಾಣಿಕೆ ಎಲ್ಲ ಸಿದ್ಧವಾಗಿದೆ, ಟೀ ಆರುತ್ತಿದೆ, ಅತಿಥಿಯ ಮುಖ ಬಾಡಿದೆ.

"ವಿಷಯ ಬಾಕಿ ಇಟ್ಟುಕೊಂಡು ಸಭೆ ಮುಗಿಸೋ ಪದ್ಧತಿ ನಮ್ಮಲ್ಲಿಲ್ಲ. ಆಗುತ್ತೆ ಅಂತ ಕಾಂಪೌಂಡರೇ ಒಪ್ಪಿಕೊಂಡಿದ್ದಾರೆ. ಒಂದು ನಿರ್ಣಯ ಮಾಡಿಬಿಡೋಣ," ಅಂದರು. ಪ್ರೊಫೆಸರರು ಸೂಚಿಸಿದರು. ಇನ್ನೊಬ್ಬರು ಅನುಮೋದಿಸಿದರು. ಅತಿಥಿಗಳು ಗೌರವದಿಂದ ದೂರ ಉಳಿದರು. ಉಳಿದ ಕೈಗಳು ಎದ್ದವು. ಎಪ್ಪತ್ತಮೂರನೇ ಪುಟ ಹೀಗೆ ಹುಟ್ಟಿತು.

ಕಾಂಪೌಂಡರು ಕೈ ತೊಳೆದುಕೊಂಡು ಬರುವಾಗ ಟೀ ಶುರುವಾಗಿತ್ತು. ನನ್ನ ಪಕ್ಕ ಬಂದು ನಿಂತು, "ಏನಾಯ್ತು?" ಎಂದು ಕೇಳಿದರು.

ನನಗೆ ಮುಖ ಎತ್ತಲಾಗಲಿಲ್ಲ. "ಈದಿದೆ," ಅಂದೆ.

ಅವರು ಒಂದು ಟೀ ಲೋಟ ತೆಗೆದುಕೊಂಡರು. "ತಾಯಿ ಮಗು ಕ್ಷೇಮಾನಾ?" ಅಂದರು. ಅವರಿಗೆ ಮೀಸಲಾಗಿದ್ದ ನಾಲ್ಕು ಮಾತನ್ನು ಸಮಯದ ಅಭಾವದಿಂದ ಕೈಬಿಡಲಾಯಿತು.

ಗೇಟಿನ ಬಳಿ ಕಾದಂಬರಿಕಾರರು ಕಾರಿಗೆ ಕಾಯುತ್ತ ಒಬ್ಬರೇ ನಿಂತಿದ್ದರು. ಕಾಂಪೌಂಡರೂ ನಾನೂ ಒಂದೇ ಬೀದಿಯವರು, ಒಟ್ಟಿಗೆ ಹೊರಟಿದ್ದೆವು. ಇವರು ನಿಂತರು.

"ಸಾರ್, ಬೇಜಾರು ಮಾಡ್ಕೋಬೇಡಿ."

"ಇಲ್ಲ, ಇಲ್ಲ. ನಾನು ಯಾರನ್ನಾದರೂ ಕೇಳಬೇಕಿತ್ತು," ಅಂದರು ಅವರು. ಆ ಸಂಜೆ ಯಾರಾದರೂ ಹೇಳಿದ ಒಂದೇ ನೇರ ಮಾತು ಅದು.

"ಹೇಸರಗತ್ತೆಗೆ ಮರಿ ಆಗಲ್ಲ ಸಾರ್. ಆದ್ರೆ ಮರಿ ಅಂದ್ರೆ ಜೀವ." ಇವರು ಹೇಳತೊಡಗಿದರು. ಆಗ ಇನ್ನೂ ಕೆಲಸಕ್ಕೆ ಸೇರಿ ಆರೇಳು ವರ್ಷ. ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಒಂದು ಕಂದು ಹೇಸರಗತ್ತೆ ಇತ್ತು. ಅದೇ ಕೊಟ್ಟಿಗೆಯಲ್ಲಿ ಒಂದು ಕುದುರೆ ಈಯಿತು. ಈದ ಮರುಬೆಳಗ್ಗೆ ನೋಡಿದರೆ ಹೇಸರಗತ್ತೆ ಹಗ್ಗ ಕಿತ್ತುಕೊಂಡು ಹೋಗಿ ಕುದುರೆಯನ್ನು ಒದ್ದು ಓಡಿಸಿದೆ. ಮರಿಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ನಿಂತಿದೆ. ಹತ್ತಿರ ಹೋದವರಿಗೆಲ್ಲ ಒದೆ. ಮರಿ ಮೊಲೆ ಹುಡುಕಿ ಹುಡುಕಿ ಚೀಪುತ್ತದೆ, ಹಾಲಿಲ್ಲ. ಎರಡು ದಿನ ಹೀಗೇ. ಮರಿ ಸಾಯುವ ಹಾಗಾದಾಗ ನಾಲ್ಕು ಜನ ಹಗ್ಗ ಹಾಕಿ ಹೇಸರಗತ್ತೆಯನ್ನು ಕೆಡವಿದರು. ಮರಿಯನ್ನು ಎತ್ತಿಕೊಂಡು ಹೋಗಿ ತಾಯಿಗೆ ಸೇರಿಸಿದವರು ಕಾಂಪೌಂಡರು. ಮರಿ ಬದುಕಿತು. ಹೇಸರಗತ್ತೆ ಎಂಟು ದಿನ ಮೇವು ಮುಟ್ಟಲಿಲ್ಲ. ಇವರು ದಿನಾ ಹೋಗಿ ಗೊಟ್ಟದಲ್ಲಿ ಗಂಜಿ ಹೊಯ್ದರು. ಅದು ಇವರನ್ನು ಒದೆಯಲಿಲ್ಲ. ನೋಡಲೂ ಇಲ್ಲ. ಒಂಬತ್ತನೆಯ ದಿನ ತಾನಾಗಿ ಹುಲ್ಲಿಗೆ ಬಾಯಿ ಹಾಕಿತು. ಹತ್ತನೆಯ ದಿನ ಇಟ್ಟಿಗೆ ಹೊತ್ತಿತು.

"ನಿಮ್ಮ ಆ ಅಧ್ಯಾಯ ತಪ್ಪು ಸಾರ್. ಆದ್ರೆ ಓದುವಾಗ ನನಗೆ ಇದೇ ನೆನಪಾಯ್ತು. ಎರಡನೇ ಸಲ ಓದುವಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ," ಅಂದರು ಕಾಂಪೌಂಡರು.

ಕಾದಂಬರಿಕಾರರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಏನೋ ಗೀಚಿಕೊಂಡರು. ಕಾರು ಬಂತು.

ಮರುದಿನ ನಾಯಿಯ ಹಲ್ಲು ಕಿತ್ತರು. ಒಂದು ವಾರದಲ್ಲಿ ಊತ ಇಳಿದು, ಅದು ತಟ್ಟೆ ನೆಕ್ಕುವ ಸದ್ದು ಬೀದಿಗೆ ಕೇಳುವಂತಾಯಿತು. ತಮಗೆ ಮೊದಲಿಂದ ಹಲ್ಲಿನ ಮೇಲೇ ಅನುಮಾನವಿತ್ತು ಎಂದು ಅಧ್ಯಕ್ಷರು ಎಲ್ಲರಿಗೂ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಕಾದಂಬರಿಕಾರರಿಂದ ಕಾಂಪೌಂಡರಿಗೆ ಕಾಗದ ಬಂತು: ದಯವಿಟ್ಟು ತಪ್ಪುಗಳ ಪಟ್ಟಿ ಕಳಿಸಬೇಕು. ಇವರು ಗೆರೆ ಹಾಕಿದ ನೋಟುಬುಕ್ಕಿನಲ್ಲಿ ನಲವತ್ತಮೂರನ್ನೂ ಪುಟಸಂಖ್ಯೆ ಸಮೇತ ದುಂಡಗೆ ಬರೆದು ಕಳಿಸಿದರು. ಜೊತೆಗೆ, ಬಂದ ಕಾಗದದಲ್ಲಿದ್ದ ಎರಡು ತಪ್ಪುಗಳನ್ನೂ. ಉತ್ತರ ಬರಲಿಲ್ಲ.

ವರ್ಷ ದಾಟಿದ ಮೇಲೆ ಎರಡನೆಯ ಮುದ್ರಣ ಬಂತು, 'ಪರಿಷ್ಕೃತ' ಎಂದು ಮುಖಪುಟದಲ್ಲೇ ಅಚ್ಚಾಗಿತ್ತು. ಮೆಲುಕು ಹೋಗಿತ್ತು, ವಾಂತಿ ಹೋಗಿತ್ತು. ಹನ್ನೆರಡನೆಯ ಅಧ್ಯಾಯ ಪೂರ್ತಿ ಹೊಸದು. ಈಗ ಸೈನ್ಯದ ಕುದುರೆಯೊಂದು ಈಯುತ್ತದೆ, ನಲವತ್ತೊಂದು ಅದರ ಮರಿಯನ್ನು ಕದ್ದು ಹೊಟ್ಟೆಯ ಕೆಳಗಿಟ್ಟುಕೊಂಡು ಇಡೀ ದಂಡಿಗೆ ಎದುರು ನಿಲ್ಲುತ್ತದೆ. ಎಂಟು ದಿನ ಉಪವಾಸ. ಒಂಬತ್ತನೆಯ ದಿನ ಹುಲ್ಲು. ಮುನ್ನುಡಿಯಲ್ಲಿ ಕೃತಜ್ಞತೆ ಇತ್ತು: 'ಸಂಜೆ ಓದುಗರ ಕೂಟದ ಅಧ್ಯಕ್ಷರಿಗೆ, ಪ್ರೊಫೆಸರರಿಗೆ ಹಾಗೂ ಅವರ ಪ್ರಬುದ್ಧ ಚರ್ಚೆಗೆ.' ಕಾಂಪೌಂಡರು? 'ಇತರ ಮಿತ್ರರಿಗೆ.'

ಅಧ್ಯಕ್ಷರು ಮುನ್ನುಡಿಯ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು, ಮತ್ತೊಂದು ಸಭೆ ಕರೆದರು. ಕಾದಂಬರಿಕಾರರೂ ಬಂದರು. ನಾಯಿ ಹಿತ್ತಿಲಿಗೆ ಹೋಯಿತು. ಡಾಕ್ಟರಮ್ಮ ಬರಲಿಲ್ಲ. ಅವರು ಪುಸ್ತಕಗಳ ಮಧ್ಯದ ಅಧ್ಯಾಯಗಳನ್ನೂ ಓದಲು ಶುರುಮಾಡಿ ಕೂಟ ಬಿಟ್ಟಿದ್ದರು.

ಮೊದಲ ಕೆಲಸ, ಎಪ್ಪತ್ತಮೂರನೇ ಪುಟದ ನಿರ್ಣಯವನ್ನು ರದ್ದು ಮಾಡುವುದು. ಅದೂ ನಿರ್ಣಯದ ಮೂಲಕವೇ. ಈ ಸಲ ಸರ್ವಾನುಮತ. ಕಾಂಪೌಂಡರೂ ಕೈ ಎತ್ತಿದರು. ಪ್ರೊಫೆಸರರು, "ಆ ಹೆರಿಗೆಯ ದೃಶ್ಯ ನನಗೆ ಅಂದೇ ಅಪಸ್ವರವಾಗಿ ಕೇಳಿಸಿತ್ತು, ಸಭಾಮರ್ಯಾದೆಗೆ ಸುಮ್ಮನಿದ್ದೆ," ಅಂದರು. ಆಮೇಲೆ ಹೊಸ ಅಧ್ಯಾಯಕ್ಕೆ ಬಂದರು.

"ಇಂಥದ್ದು ಅನುಭವದಿಂದ ಬರೋದಲ್ಲ. ಯಾವ ಕೊಟ್ಟಿಗೆಯಲ್ಲೂ ನಡೆಯೋದಲ್ಲ. ಬಂಜೆ ಪ್ರಾಣಿಯೊಂದು ಮರಿ ಕದಿಯೋದು, ಎಂಟು ದಿನ ಅನ್ನ ಬಿಡೋದು, ಇದು ಅಪ್ಪಟ ಕಲ್ಪನೆ. ಪ್ರತಿಭೆಗೆ ಮಾತ್ರ ಕಾಣುವಂಥದ್ದು."

ಕಾದಂಬರಿಕಾರರು ಒಮ್ಮೆ ಮೂಲೆಯ ಕಡೆ ನೋಡಿ ಕಣ್ಣು ತಿರುಗಿಸಿದರು. ಗೇಟಿನ ಬಳಿ ಆ ಕಥೆ ಕೇಳಿಸಿಕೊಂಡವನು ನಾನೂ ಇದ್ದೆ. ಆಗ ಬಾಯಿ ಬಿಡಬೇಕಿತ್ತು. ನಾನು ನಡಾವಳಿ ಬರೆಯುತ್ತಿದ್ದೆ. 'ಅಪ್ಪಟ ಕಲ್ಪನೆ' ಎಂದು ಬರೆದೆ.

ಅಧ್ಯಕ್ಷರು ನಗುತ್ತ ಕೇಳಿದರು, "ಕಾಂಪೌಂಡರೇ, ಈಗಲಾದರೂ ಸಮಾಧಾನವೇ?"

ಅವರು ಎದ್ದು ನಿಂತರು. ಕೈಯಲ್ಲಿ ಪುಸ್ತಕ. ಕಾದಂಬರಿಕಾರರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಕಂಡಿತು. ಈಗ ಬಂತು ಎಂದುಕೊಂಡೆ.

"ಇನ್ನೂರ ಐದನೇ ಪುಟ," ಅಂದರು ಕಾಂಪೌಂಡರು. "ಅದು ಬಿಳಿ ಅಲ್ಲ ಸಾರ್, ಕಂದು."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದವರು ಇಬ್ಬರೇ. ಕಾದಂಬರಿಕಾರರು ತಗ್ಗಿದ ದನಿಯಲ್ಲಿ, "ಹಿಮದಲ್ಲಿ ಬಿಳಿ ಇದ್ದರೆ... ಕಾಣಿಸದೇ ಹೋಗೋದು ಬೇಕಿತ್ತು ಸಾರ್. ಸೈನಿಕರಿಗೆ ಮರಿ ಮಾತ್ರ ಕಾಣುತ್ತೆ, ಇದು ಕಾಣಲ್ಲ. ಅದಕ್ಕೆ," ಅಂದರು.

ಕಾಂಪೌಂಡರು ಪುಟವನ್ನು ಮತ್ತೊಮ್ಮೆ ನೋಡಿದರು. ತುಟಿ ಅಲ್ಲಾಡಿಸುತ್ತ ಓದಿಕೊಂಡರು.

"ಹಾಗಾದ್ರೆ ಇರಲಿ ಬಿಡಿ," ಅಂದು ಕೂತರು. ಅವರ ಬಾಯಿಂದ ಆ ಮಾತು ಹೊರಟದ್ದನ್ನು ಮೊದಲ ಸಲ ಕೇಳಿದೆ.

ಮನೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ನಿಮ್ಮ ಕಥೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ನನ್ನದೆಲ್ಲಿ ಬಂತು? ಹೇಸರಗತ್ತೆದು," ಅಂದರು. ಸ್ವಲ್ಪ ದೂರ ಹೋದ ಮೇಲೆ, "ನೀವು ಹೇಳಬಹುದಿತ್ತು," ಅಂದರು. ಸಿಟ್ಟಿನಿಂದಲ್ಲ. ಒಂದು ಕಾಗುಣಿತ ತಪ್ಪು ತೋರಿಸುವ ಹಾಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಂಡತಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಗಂಡನ ಮುಖ ನೋಡಿ, "ಏನಂತ್ರೀ? ಈ ಸಲ ಸರಿ ಮಾಡಿದ್ದಾರಾ?" ಎಂದು ಕೇಳಿದರು.

"ಮಾಡಿದ್ದಾರೆ. ಬಣ್ಣ ಮಾತ್ರ ಬಿಳಿ ಮಾಡಿದ್ದಾರೆ."

"ಆ ಇಟ್ಟಿಗೆ ಗೂಡಿಂದನ್ನಾ?"

"ಹೂಂ."

ಅವರು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ಇರಲಿ ಬಿಡಿ, ಪಾಪ. ಯಾರೋ ಮೈಮೇಲಿನ ಇಟ್ಟಿಗೆ ಧೂಳು ತೊಳೆದಿದ್ದಾರೆ ಅಂದ್ಕೊಳ್ಳಿ."